ಮರಳಿಗೆ ಎಲ್ಲಿಂದ ಬಂತು ಬಲ?

1969ರ ಜುಲೈನಲ್ಲಿ ಚಂದ್ರನ ಮೇಲೆ ಮೂಡಿದ ಬೂಟಿನ ಗುರುತಿನ ಚಿತ್ರವನ್ನು ನೋಡದವರು ಕಡಿಮೆ. ಒಂದೊಂದು ಗೆರೆಯೂ ಎದ್ದು ಕಾಣುವ ಆ ಗುರುತನ್ನು ನೋಡಿದರೆ ಅಲ್ಲಿನ ನೆಲ ಎಷ್ಟು ನುಣ್ಣನೆಯ ಪುಡಿ ಎಂಬುದು ತಿಳಿಯುತ್ತದೆ. ಅದೇ ನೆಲದಲ್ಲಿ, ಅದೇ ಹೊತ್ತಿನಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಬಜ್ ಆಲ್ಡ್ರಿನ್ ಧ್ವಜದ ಕಂಬ ನೆಡಲು ಹೊರಟರು. ಮೊದಲ ಕೆಲವು ಬೆರಳಿನಷ್ಟು ಸಲೀಸಾಗಿ ಇಳಿಯಿತು. ಆಮೇಲೆ ಜಪ್ಪಯ್ಯ ಅಂದರೂ ಇಲ್ಲ. ಹೆಚ್ಚೆಂದರೆ ಒಂದು ಗೇಣು ಹೋಗಿ ಕಂಬ ನಿಂತುಬಿಟ್ಟಿತು. ಜಗತ್ತೆಲ್ಲ ನೋಡುತ್ತಿರುವಾಗ ಧ್ವಜ ಬಿದ್ದುಹೋದರೆ ಗತಿಯೇನು ಎಂಬ ಅಂಜಿಕೆಯಲ್ಲೇ ಅದನ್ನು ಹೇಗೋ ನಿಲ್ಲಿಸಿ ಬಂದರು. ವಾಪಸು ಹೊರಟಾಗ ಎಂಜಿನ್ನಿನ ರಭಸಕ್ಕೆ ಅದು ಉರುಳಿದ್ದನ್ನು ತಾನು ಕಿಟಕಿಯಿಂದ ಕಂಡೆ ಎಂದು ಆಲ್ಡ್ರಿನ್ ಹೇಳಿದ್ದಾರೆ.

ಬೂಟು ಒತ್ತಿದರೆ ಅಚ್ಚು ಬೀಳುವಷ್ಟು ಮೆತ್ತಗಿನ ಪುಡಿ, ಧ್ವಜದ ಕಂಬವನ್ನು ಒಂದು ಗೇಣಿಗೇ ಹೇಗೆ ತಡೆಯಿತು?

ಈ ಒಗಟು ಬಿಡಿಸಲು ಚಂದ್ರನವರೆಗೆ ಹೋಗಬೇಕಿಲ್ಲ. ಮಲ್ಪೆಯಲ್ಲೋ ಮರವಂತೆಯಲ್ಲೋ ಒಣ ಮರಳಿಗೆ ಒಂದು ಕೋಲು ಚುಚ್ಚಿ ನೋಡಿ. ಮುಷ್ಟಿಯಲ್ಲಿ ಹಿಡಿದರೆ ಬೆರಳ ಸಂದಿನಲ್ಲಿ ಸುರಿದುಹೋಗುವ ಮರಳು ಅದು, ಅಂಟಿಲ್ಲ, ಗಟ್ಟಿತನವಿಲ್ಲ. ಆದರೂ ಒಂದು ಗೇಣು ಇಳಿಯುವಷ್ಟರಲ್ಲಿ ಕೈ ಸೋಲುತ್ತದೆ. ತೆಂಗಿನ ಮರದಷ್ಟು ಭಾರ ಹೇರಿದರೂ ಹೊರುವ ಈ ಶಕ್ತಿ, ತನ್ನ ಆಕಾರವನ್ನೇ ಉಳಿಸಿಕೊಳ್ಳಲಾರದ ವಸ್ತುವಿಗೆ ಎಲ್ಲಿಂದ ಬಂತು?

ಇಳಿದಷ್ಟೂ ಬಿಗಿ

ಮರಳು, ಅಕ್ಕಿ, ರಾಗಿ, ಜಲ್ಲಿ, ಸಕ್ಕರೆ ಇವೆಲ್ಲವನ್ನೂ ಸೇರಿಸಿ ‘ಕಣರಾಶಿ’ ಎನ್ನೋಣ. ವಿಜ್ಞಾನಿಗಳ ಬಾಯಲ್ಲಿ ಇದು ಗ್ರಾನ್ಯುಲರ್ ಮ್ಯಾಟರ್. ಬಿಡಿ ಬಿಡಿಯಾದ ಗಟ್ಟಿ ಕಣಗಳು, ನಡುವೆ ಗಾಳಿ. ಕಣಕ್ಕೂ ಕಣಕ್ಕೂ ನಂಟಿಲ್ಲ, ತಾಗಿದಾಗ ಉಜ್ಜಿಕೊಳ್ಳುವುದಷ್ಟೇ.

ಕಣರಾಶಿಗೆ ಚುಚ್ಚುವ ಕೋಲಿನ ನಡತೆಯಲ್ಲಿ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಮೊದಲನೆಯದು, ನಿಧಾನವಾಗಿ ತಳ್ಳಿದರೆ ತಡೆಯ ಬಲಕ್ಕೂ ವೇಗಕ್ಕೂ ಹೆಚ್ಚು ಸಂಬಂಧವಿಲ್ಲ. ಜೇನುತುಪ್ಪದಲ್ಲಿ ಚಮಚ ನಿಧಾನ ಆಡಿಸಿದಷ್ಟೂ ಹಗುರ. ಮರಳಿನಲ್ಲಿ ಆ ರಿಯಾಯಿತಿ ಇಲ್ಲ, ಎಷ್ಟೇ ತಾಳ್ಮೆಯಿಂದ ತಳ್ಳಿ, ಅದು ಕೇಳುವಷ್ಟು ಬಲವನ್ನು ಕೊಡಲೇಬೇಕು. ಎರಡನೆಯದು, ಆಳ ಹೆಚ್ಚಿದಂತೆ ಬಲವೂ ಹೆಚ್ಚಬೇಕು. ಬಯಲಿನ ಮರಳಿನಲ್ಲಿ ಮೇಲಿನ ಒಂದೆರಡು ಅಡಿಯವರೆಗೆ ಇದು ಹೆಚ್ಚುಕಡಿಮೆ ನೇರ ಲೆಕ್ಕ. ಎರಡರಷ್ಟು ಆಳಕ್ಕೆ ಎರಡರಷ್ಟು ಬಲ.

ಈ ಎರಡನೆಯ ನಡತೆಯನ್ನು ನಾವು ಬೇರೆ ಕಡೆಯೂ ಕಂಡಿದ್ದೇವೆ. ಖಾಲಿ ಕೊಡವನ್ನು ಬಾವಿಯ ನೀರಿಗೆ ಬಾಯಿ ಮೇಲೆ ಮಾಡಿ ಅದುಮಿದರೆ ಇಳಿದಷ್ಟೂ ಅದು ಮೇಲಕ್ಕೆ ಒತ್ತುತ್ತದೆ. ಸರಿದ ನೀರಿನ ತೂಕದಷ್ಟೇ ಎತ್ತುವ ಬಲ ಎಂದು ಆರ್ಕಿಮಿಡೀಸ್ ಹೇಳಿದ. ಹಾಗಾದರೆ ಮರಳೂ ಆರ್ಕಿಮಿಡೀಸನ ಮಾತು ಕೇಳುತ್ತದೆಯೇ?

ಸಣ್ಣದೊಂದು ಲೆಕ್ಕ ಹಾಕೋಣ. 60 ಕಿಲೋ ತೂಕದ ಮನುಷ್ಯ ಒಂದು ಕಾಲಿನ ಮೇಲೆ ಭಾರ ಬಿಡುತ್ತಾನೆ. ಪಾದದ ಹರವು ಸುಮಾರು 150 ಚದರ ಸೆಂಟಿಮೀಟರ್. ಅಂದರೆ ಒಂದು ಚದರ ಸೆಂಟಿಮೀಟರಿಗೆ 400 ಗ್ರಾಂ ಭಾರ. ಸಡಿಲ ಒಣ ಮರಳಿನಲ್ಲಿ ಪಾದ ಅಂದಾಜು 5 ಸೆಂ.ಮೀ. ಇಳಿದು ನಿಂತಿತು ಎನ್ನಿ. ಒಂದು ಚದರ ಸೆಂ.ಮೀ. ಅಗಲ, 5 ಸೆಂ.ಮೀ. ಎತ್ತರದ ಮರಳು ತೂಗುವುದು 8 ಗ್ರಾಂಗಿಂತ ಕಡಿಮೆ. ಮರಳು ಬರೀ ಆರ್ಕಿಮಿಡೀಸನ ಲೆಕ್ಕ ಪಾಲಿಸಿದ್ದರೆ ಸಿಗಬೇಕಿದ್ದ ಆಸರೆ 8 ಗ್ರಾಂ, ಸಿಕ್ಕಿದ್ದು 400 ಗ್ರಾಂ. ಸರಿಸಿದ ಮರಳಿನ ತೂಕಕ್ಕೆ ಸುಮಾರು ಐವತ್ತು ಪಟ್ಟು!

2018ರಲ್ಲಿ ಬೀಜಿಂಗಿನ ಪೀಕಿಂಗ್ ವಿಶ್ವವಿದ್ಯಾಲಯದ ಸಂಶೋಧಕರ ತಂಡವೊಂದು ಇದನ್ನೇ ಅಚ್ಚುಕಟ್ಟಾಗಿ ಅಳೆದು ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಮರಳು ಆರ್ಕಿಮಿಡೀಸನ ನಿಯಮವನ್ನೇ ಪಾಲಿಸುತ್ತದೆ, ಆದರೆ ಒಂದು ದೊಡ್ಡ ಗುಣಕದೊಂದಿಗೆ. ಆ ಗುಣಕವನ್ನು ತೀರ್ಮಾನಿಸುವುದು ಕಣಗಳ ಪರಸ್ಪರ ಘರ್ಷಣೆ ಮಾತ್ರ ಎಂಬುದು ಅವರ ವಾದ. ನಮ್ಮ ಒಗಟು ಈಗ ಎರಡು ತುಂಡಾಯಿತು. ಆಳದೊಂದಿಗೆ ಬಲ ಏರುವುದೇಕೆ? ಆ ಐವತ್ತು ಪಟ್ಟು ಎಲ್ಲಿಂದ ಬಂತು?

ಎರವಲು ಬಲ

ಮೊದಲ ತುಂಡು ಸುಲಭ. ಉಜ್ಜುವಿಕೆಗೆ ಒಂದು ಗುಣವಿದೆ. ಎರಡು ವಸ್ತುಗಳನ್ನು ಒಂದಕ್ಕೊಂದು ಎಷ್ಟು ಅದುಮುತ್ತೀರೋ ಅಷ್ಟು ಅವು ಜಾರಲು ಒಪ್ಪುವುದಿಲ್ಲ. ಮೇಲ್ಮೈಯಲ್ಲಿರುವ ಮರಳಿನ ಕಣವನ್ನು ಅದುಮುವವರು ಯಾರೂ ಇಲ್ಲ, ಆದ್ದರಿಂದ ಊದಿದರೂ ಹಾರುತ್ತದೆ. ಒಂದು ಗೇಣು ಕೆಳಗಿರುವ ಕಣದ ಮೇಲೆ ಒಂದು ಗೇಣು ಮರಳಿನ ಭಾರ ಕೂತಿದೆ. ಅದು ಅಕ್ಕಪಕ್ಕದವರಿಗೆ ಒತ್ತಿಕೊಂಡಿದೆ. ಕದಲಿಸಬೇಕಾದರೆ ಆ ಒತ್ತಿನೊಡನೆ ಸೆಣಸಬೇಕು.

ಅಂದರೆ ಮರಳಿಗೆ ಸ್ವಂತದ್ದು ಎಂಬ ಗಟ್ಟಿತನ ಏನೂ ಇಲ್ಲ. ಇರುವುದೆಲ್ಲ ಮೇಲಿನ ಮರಳಿನ ಭಾರದಿಂದ ಎರವಲು ತಂದದ್ದು. ಈ ಅಧ್ಯಾಯದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಆ ಎರವಲು ಕೈತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 1964ರ ಜೂನ್ 16ರಂದು ಜಪಾನಿನ ನೀಗಾತಾ ನಗರ ಸಾಕ್ಷಿಯಾಯಿತು. ಭೂಕಂಪದಲ್ಲಿ ನೆಲದಡಿಯ ಸಡಿಲ ಒದ್ದೆ ಮರಳು ಕುಲುಕಿ ಕುಗ್ಗಹೊರಟಿತು. ಸಂದಿನ ನೀರಿಗೆ ಹೊರಹೋಗಲು ಪುರುಸೊತ್ತು ಸಿಗಲಿಲ್ಲ. ಕಣದಿಂದ ಕಣಕ್ಕೆ ದಾಟುತ್ತಿದ್ದ ಭಾರ ನೀರಿನ ಮೇಲೆ ಬಿತ್ತು. ಕಣಗಳ ನಡುವಿನ ಒತ್ತು ಹೋದ ಮೇಲೆ ಉಜ್ಜುವಿಕೆ ಎಲ್ಲಿಯದು? ಹಲವು ಅಂತಸ್ತಿನ ವಸತಿ ಕಟ್ಟಡಗಳು ಗೋಡೆ ಬಿರುಕು ಬಿಡದೆಯೇ ಇಡಿಯಾಗಿ ವಾಲಿ ಮಲಗಿದವು. ಕಟ್ಟಡದ್ದು ಏನೂ ತಪ್ಪಿರಲಿಲ್ಲ, ಮರಳು ಸಾಲ ತೀರಿಸಲಾಗದೆ ಕೈಯೆತ್ತಿತ್ತು.

ಹೋರಿ, ಹಗ್ಗ, ಕಲ್ಲುಕಂಬ

ಎರಡನೆಯ ತುಂಡು ಹೆಚ್ಚು ಸ್ವಾರಸ್ಯದ್ದು.

ಮೊಂಡು ತುದಿಯ ಕೋಲನ್ನು ಮರಳಿಗೆ ತಳ್ಳಿದಾಗ ತುದಿಯ ಅಡಿಯಲ್ಲಿರುವ ಒಂದಿಷ್ಟು ಮರಳು ಎಲ್ಲಿಗೂ ಹೋಗದೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಕೋಲಿನ ಜೊತೆಗೇ ಕೆಳಗಿಳಿಯುತ್ತದೆ. ಅದರ ಆಕಾರ ತಲೆಕೆಳಗಾದ ಶಂಕುವಿನದು. ಮೊಂಡು ಕೋಲು ತನಗೆ ತಾನೇ ಮರಳಿನ ಮೊನೆಯೊಂದನ್ನು ಮಾಡಿಕೊಂಡಿತು ಅನ್ನಬಹುದು. (ಹಾಗಾಗಿಯೇ ಕೋಲನ್ನು ಚೂಪು ಮಾಡುವುದರಿಂದ ನಾವು ಎಣಿಸಿದಷ್ಟು ಲಾಭವಿಲ್ಲ, ಸಣ್ಣದು ಮಾಡಿದರೆ ನಿಜವಾದ ಲಾಭ. ಎಪಿಎಂಸಿ ಅಂಗಡಿಗಳಲ್ಲಿ ಗೋಣಿಚೀಲಕ್ಕೆ ಚುಚ್ಚಿ ಭತ್ತದ ಮಾದರಿ ತೆಗೆಯುವ ಆ ಸೀಳುಕೊಳವೆ ಬೆರಳಿಗಿಂತ ಹೆಚ್ಚು ದಪ್ಪ ಇರದಿರುವುದು ಸುಮ್ಮನೆ ಅಲ್ಲ.)

ಈ ಶಂಕು ಕೆಳಗಿಳಿಯಬೇಕಾದರೆ ಎದುರಿನ ಮರಳು ಜಾಗ ಬಿಡಬೇಕು. ಕೆಳಗೆ ಜಾಗವಿಲ್ಲ, ಅಲ್ಲಿ ಇನ್ನೂ ಬಿಗಿ. ಪಕ್ಕಕ್ಕೆ ಸರಿಯಬೇಕು, ಪಕ್ಕದಲ್ಲೂ ತುಂಬಿದೆ. ಕೊನೆಗೆ ಖಾಲಿ ಇರುವುದು ಮೇಲೆ ಮಾತ್ರ. ಆದ್ದರಿಂದ ಕೋಲು ಕೆಳಮುಖವಾಗಿ ಕೊಟ್ಟ ಒತ್ತು ಪಕ್ಕಕ್ಕೆ ತಿರುಗಿ, ಮತ್ತೆ ಮೇಲಕ್ಕೆ ತಿರುಗಿ, ಸುತ್ತಲಿನ ಮರಳನ್ನು ಎತ್ತಬೇಕು. ಒತ್ತು ಹೀಗೆ ತಿರುವು ಹಾಕುವ ಹಾದಿಯಲ್ಲೇ ಐವತ್ತು ಪಟ್ಟಿನ ಗುಟ್ಟಿರುವುದು.

ಕಿಚ್ಚೆದ್ದ ಹೋರಿಯನ್ನು ಹಿಡಿದು ನಿಲ್ಲಿಸುವ ರೈತನನ್ನು ನೆನೆಯಿರಿ. ಬರಿಗೈಯಲ್ಲಿ ಹಗ್ಗ ಹಿಡಿದರೆ ಹೋರಿಯೇ ಅವನನ್ನು ಎಳೆದುಕೊಂಡು ಹೋಗುತ್ತದೆ. ಹಗ್ಗವನ್ನು ಕಲ್ಲುಕಂಬಕ್ಕೆ ಒಂದೆರಡು ಸುತ್ತು ಹಾಕಿದನೋ, ತುದಿಯನ್ನು ಚಿಕ್ಕ ಹುಡುಗನ ಕೈಗೆ ಕೊಟ್ಟರೂ ಸಾಕು. ಹಗ್ಗ ಕಂಬವನ್ನು ಬಳಸಿದ ಪ್ರತಿ ಬೆರಳಿನಷ್ಟು ದಾರಿಯಲ್ಲೂ ಉಜ್ಜುವಿಕೆ ತನ್ನ ಪಾಲು ಸೇರಿಸುತ್ತದೆ. ಆ ಪಾಲು ಒಂದೇ ಸಮನಲ್ಲ. ಅಲ್ಲಿಯವರೆಗೆ ಸೇರಿದ ಬಿಗಿಯ ಮೇಲೆ ಮತ್ತೆ ಸೇರುವ ಪಾಲು, ಚಕ್ರಬಡ್ಡಿಯ ಲೆಕ್ಕ. ಒರಟು ಹಗ್ಗ, ಒರಟು ಕಂಬವಾದರೆ ಅರ್ಧ ಸುತ್ತಿಗೆ ಆರು ಪಟ್ಟು ದಾಟುತ್ತದೆ, ಪೂರ್ತಿ ಸುತ್ತಿಗೆ ನಲವತ್ತು ಪಟ್ಟು.

ಮರಳಿನಲ್ಲಿ ನಡೆಯುವುದೂ ಇದೇ. ಇಲ್ಲಿ ಹೋರಿ ಎಂದರೆ ಕೋಲಿನ ಒತ್ತು. ತುದಿ ಹಿಡಿದ ಹುಡುಗ ಎಂದರೆ ಪಕ್ಕದಲ್ಲಿ ಸುಮ್ಮನೆ ಕೂತಿರುವ ಒಂದು ಗೇಣು ಮರಳಿನ ಅಲ್ಪ ಭಾರ. ಕೆಳಗಿನಿಂದ ಪಕ್ಕಕ್ಕೆ, ಪಕ್ಕದಿಂದ ಮೇಲಕ್ಕೆ ತಿರುಗುವ ಹಾದಿಯುದ್ದಕ್ಕೂ ಕಣಗಳ ಉಜ್ಜುವಿಕೆ ಆ ಅಲ್ಪ ಭಾರವನ್ನು ಗುಣಿಸುತ್ತಾ ಬರುತ್ತದೆ. ಜರ್ಮನಿಯ ಲೂಡ್ವಿಗ್ ಪ್ರಾಂಟ್ಲ್ 1920ರ ಸುಮಾರಿಗೆ ಲೋಹಕ್ಕೆ ಉಳಿ ಒತ್ತಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕುತ್ತಾ ಈ ತಿರುವಿನ ಆಕಾರವನ್ನು ಕಂಡುಕೊಂಡರು. 1924ರಲ್ಲಿ ರೈಸ್ನರ್ ಅದಕ್ಕೆ ಪಕ್ಕದ ಮಣ್ಣಿನ ಭಾರವನ್ನು ಸೇರಿಸಿದರು. ಆ ಲೆಕ್ಕ ಇಂದಿಗೂ ಪ್ರತಿ ಸಿವಿಲ್ ಎಂಜಿನಿಯರಿಂಗ್ ಪಠ್ಯಪುಸ್ತಕದಲ್ಲಿದೆ, ಅದಕ್ಕೂ ಹೋರಿಯ ಹಗ್ಗದ ಲೆಕ್ಕಕ್ಕೂ ಒಂದೇ ಗೋತ್ರ.

ಚಕ್ರಬಡ್ಡಿ ಎಂದ ಮೇಲೆ ಬಡ್ಡಿಯ ದರ ತುಸು ಬದಲಾದರೂ ಮೊತ್ತ ಬಹಳ ಬದಲಾಗಬೇಕು. ಇಲ್ಲಿ ಬಡ್ಡಿಯ ದರ ಎಂದರೆ ಕಣಗಳ ಒರಟುತನ. ಅದನ್ನು ಕೋನದಲ್ಲಿ ಹೇಳುವುದು ರೂಢಿ. ಮನೆ ಕಟ್ಟುವಲ್ಲಿ ಸುರಿದ ಸಡಿಲ ಮರಳಿನ ರಾಶಿ ಎಷ್ಟು ಓರೆಯಾಗಿ ನಿಲ್ಲುತ್ತದೋ ಹೆಚ್ಚುಕಡಿಮೆ ಅದೇ ಆ ಕೋನ. ಈ ‘ಘರ್ಷಣೆಯ ಕೋನ’ 30 ಡಿಗ್ರಿ ಇದ್ದರೆ ಪಠ್ಯಪುಸ್ತಕದ ಗುಣಕ 18. 40 ಡಿಗ್ರಿಯಾದರೆ 64. ಓರೆಯಲ್ಲಿ ಕಣ್ಣಿಗೆ ಅಷ್ಟೇನೂ ಕಾಣದ ವ್ಯತ್ಯಾಸ, ಬಲದಲ್ಲಿ ಮೂರೂವರೆ ಪಟ್ಟು. ಈ ಅಂಕಿಗಳು ಉದ್ದನೆಯ ಗೋಡೆಯ ಪಾಯಕ್ಕೆ ಹೊಂದುವಂಥವು. ದುಂಡು ಕೋಲಿಗೆ, ಪಾದಕ್ಕೆ ಗುಣಕ ಇನ್ನಷ್ಟು ಏರುತ್ತದೆ, ಏಕೆಂದರೆ ಅಲ್ಲಿ ಸುತ್ತ ನಾಲ್ಕೂ ಕಡೆಯ ಮರಳನ್ನು ಎತ್ತಬೇಕು. ನದಿಯಲ್ಲಿ ಉರುಳಿ ನುಣುಪಾದ ಮರಳಿಗಿಂತ ಕ್ರಷರ್‌ನಲ್ಲಿ ಒಡೆದ ಎಂ-ಸ್ಯಾಂಡಿನ ಕಣಗಳಿಗೆ ಮೂಲೆ ಮೊನೆಗಳು ಜಾಸ್ತಿ, ಕೋನವೂ ಜಾಸ್ತಿ.

ಚಂದ್ರನ ಪುಡಿ ಈ ವಿಷಯದಲ್ಲಿ ಎಂ-ಸ್ಯಾಂಡನ್ನೂ ಮೀರಿಸಿದ್ದು. ಅಲ್ಲಿ ಗಾಳಿಯಿಲ್ಲ, ನೀರಿಲ್ಲ, ಕಣಗಳ ಮೂಲೆಗಳನ್ನು ಸವೆಸುವವರು ಯಾರೂ ಇಲ್ಲ. ಅದರ ಮೇಲೆ ಕೋಟ್ಯಂತರ ವರ್ಷ ಸಣ್ಣಪುಟ್ಟ ಉಲ್ಕೆಗಳು ಬಡಿದು ನೆಲವನ್ನು ಕುಲುಕಿ ಕುಲುಕಿ ಅಡಕಗೊಳಿಸಿವೆ. ಮೇಲಿನ ಒಂದೆರಡು ಬೆರಳು ಮಾತ್ರ ಸಡಿಲ, ಅದರಡಿ ಭದ್ರ. ಗುರುತ್ವ ಭೂಮಿಯ ಆರನೇ ಒಂದು ಪಾಲಾದ್ದರಿಂದ ಎರವಲು ಸಿಗುವ ಭಾರ ಕಡಿಮೆ, ನಿಜ. ಆದರೆ ಬಡ್ಡಿಯ ದರ ವಿಪರೀತ. ಧ್ವಜದ ಕಂಬ ಸೋತದ್ದು ಇಲ್ಲಿ.

ಸರಿಯಬೇಕಾದರೆ ಉಬ್ಬಬೇಕು

ಅಡಕ ಎಂದೆ. ಅದರ ಪಾತ್ರವನ್ನು ಮೊದಲು ಸರಿಯಾಗಿ ಬಿಡಿಸಿ ಹೇಳಿದವರು ಮ್ಯಾಂಚೆಸ್ಟರಿನ ಆಸ್‌ಬರ್ನ್ ರೆನಾಲ್ಡ್ಸ್, 1885ರಲ್ಲಿ. ಅಲೆ ಆಗಷ್ಟೇ ಹಿಂದೆ ಸರಿದ ಒದ್ದೆ ಮರಳಿನ ಮೇಲೆ ಕಾಲಿಟ್ಟರೆ ಪಾದದ ಸುತ್ತ ಒಂದು ಕ್ಷಣ ಮರಳು ಬೆಳ್ಳಗೆ ಒಣಗಿದ್ದನ್ನು ನೀವೂ ಕಂಡಿರುತ್ತೀರಿ. ಒತ್ತಿದರೆ ನೀರು ಉಕ್ಕಬೇಕಿತ್ತಲ್ಲ, ಒಣಗಿದ್ದೇಕೆ?

ಅಡಕವಾದ ಕಣಗಳು ಒಂದರ ಸಂದಿನಲ್ಲಿ ಇನ್ನೊಂದು ಕೂತಿರುತ್ತವೆ. ಸರಿಯಬೇಕಾದರೆ ಪಕ್ಕದ ಕಣದ ಮೇಲೇರಿ ದಾಟಬೇಕು. ಏರಿದಾಗ ಇಡೀ ರಾಶಿ ಉಬ್ಬುತ್ತದೆ, ಸಂದುಗಳು ಹಿಗ್ಗುತ್ತವೆ. ಮೇಲಿದ್ದ ನೀರು ಆ ಸಂದುಗಳಿಗೆ ಇಳಿಯುತ್ತದೆ, ಮರಳು ಒಣಗಿದಂತೆ ಕಾಣುತ್ತದೆ. ರೆನಾಲ್ಡ್ಸ್ ಇದನ್ನು ಡೈಲೇಟೆನ್ಸಿ ಎಂದರು. ನಾವು ‘ಉಬ್ಬಿಕೆ’ ಎನ್ನೋಣ. ಉಬ್ಬಬೇಕೆಂದರೆ ಮೇಲಿನ ಭಾರವನ್ನೂ ಎತ್ತಬೇಕು, ಅದರ ಕೂಲಿಯನ್ನೂ ಚುಚ್ಚುವವನೇ ತೆರಬೇಕು. ಕಿರಿದಾದ ಬಾಯಿಯ ಜಾಡಿಗೆ ಅಕ್ಕಿ ತುಂಬಿ, ಕುಟ್ಟಿ ಅಡಕಮಾಡಿ, ಚೂರಿಯನ್ನು ಕೆಲವು ಸಲ ಚುಚ್ಚಿ ಎತ್ತಿದರೆ ಜಾಡಿಯೇ ಮೇಲೆ ಬರುವ ಹಳೆಯ ಚಮತ್ಕಾರ ಇದರದ್ದೇ ಆಟ: ಉಬ್ಬಲು ಗೋಡೆ ಬಿಡದಿದ್ದಾಗ ಅಕ್ಕಿ ಚೂರಿಯನ್ನು ಬಿಗಿಹಿಡಿಯುತ್ತದೆ.

ಉಬ್ಬುವ ಅಗತ್ಯವೇ ಇಲ್ಲದಷ್ಟು ಸಡಿಲ ಮಾಡಿದರೆ? 2004ರಲ್ಲಿ ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿ ಡೆಟ್ಲೆಫ್ ಲೋಸೆ ಮತ್ತು ಸಂಗಡಿಗರು ನುಣ್ಣನೆಯ ಮರಳಿನ ತಳದಿಂದ ಗಾಳಿ ಊದಿ, ಆಮೇಲೆ ಮೆಲ್ಲಗೆ ನಿಲ್ಲಿಸಿದರು. ಮರಳು ನೋಡಲು ಮಾಮೂಲಿನಂತೆಯೇ ಇತ್ತು. ಅದರ ಮೇಲೆ ಕಂಚಿನ ಚೂರು ತುಂಬಿದ ಪಿಂಗ್‌ಪಾಂಗ್ ಚೆಂಡನ್ನು ತಾಗಿಯೂ ತಾಗದಂತೆ ಇಟ್ಟು ಬಿಟ್ಟರೆ, ತನ್ನ ವ್ಯಾಸದ ಐದು ಪಟ್ಟು ಆಳಕ್ಕೆ ಅದು ಮುಳುಗಿಹೋಯಿತು. ಹಿಂದೆಯೇ ಮರಳಿನ ಒಂದು ಚಿಲುಮೆ ಮೇಲಕ್ಕೆ ಚಿಮ್ಮಿತು. ಒಂದು ಹನಿ ನೀರೂ ಇಲ್ಲದ ಹುದುಲು.

ಮಂಗಳದಲ್ಲಿ ಸಿಕ್ಕಿಕೊಂಡ ಮೊಳೆ

ಇಷ್ಟೆಲ್ಲ ಓದಿ ಮರಳಿನ ತಡೆ ಬರೀ ತೊಂದರೆ ಎಂದುಕೊಂಡರೆ, ನಾಸಾದ ಇನ್‌ಸೈಟ್ ನೌಕೆಯ ಕಥೆ ಕೇಳಬೇಕು. 2018ರ ನವೆಂಬರ್ 26ರಂದು ಮಂಗಳ ಗ್ರಹದ ಇಲಿಸಿಯಮ್ ಬಯಲಿನಲ್ಲಿ ಇಳಿದ ಇನ್‌ಸೈಟ್, ಜರ್ಮನ್ ಬಾಹ್ಯಾಕಾಶ ಸಂಸ್ಥೆ ಮಾಡಿಕೊಟ್ಟ ಒಂದು ಮೊಳೆಯನ್ನು ಒಯ್ದಿತ್ತು. 40 ಸೆಂ.ಮೀ. ಉದ್ದ, 2.7 ಸೆಂ.ಮೀ. ದಪ್ಪ. ಹೆಸರು ಮೋಲ್. ಕನಿಷ್ಠ 3 ಮೀಟರ್, ಸಾಧ್ಯವಾದರೆ 5 ಮೀಟರ್ ಆಳಕ್ಕಿಳಿದು ಗ್ರಹದ ಒಳಗಿನ ಶಾಖ ಅಳೆಯುವುದು ಅದರ ಕೆಲಸ.

ಮೊಳೆ ಹೊಡೆಯಲು ಸುತ್ತಿಗೆ ಬೇಕು. ಮೋಲ್‌ನ ಸುತ್ತಿಗೆ ಅದರ ಹೊಟ್ಟೆಯೊಳಗೇ ಇತ್ತು. ಪುಟ್ಟ ಮೋಟಾರು ಸ್ಪ್ರಿಂಗನ್ನು ಬಿಗಿದು ಬಿಟ್ಟರೆ ಒಳಗಿನ ಭಾರ ಮೊನೆಗೆ ಬಡಿಯುತ್ತದೆ, ಮೊಳೆ ಒಂದಿಷ್ಟು ಇಳಿಯುತ್ತದೆ. ಆದರೆ ಮುಂದಕ್ಕೆ ಹೊಡೆದ ಏಟಿಗೆ ಹಿಂದಕ್ಕೊಂದು ಒದೆತ ಇದ್ದೇ ಇದೆ. ಅದನ್ನು ಬಹುಪಾಲು ಒಳಗೇ ಅಡಗಿಸಿದ್ದರು. ಉಳಿದ ಸ್ವಲ್ಪವನ್ನು ತಡೆಯಬೇಕಿದ್ದುದು ಮೊಳೆಯ ಮೈಗೆ ಒತ್ತಿಕೊಂಡ ಮಣ್ಣಿನ ಉಜ್ಜುವಿಕೆ. ಭೂಮಿಯ ಮೇಲೆ ಮರಳು ತುಂಬಿದ ಪರೀಕ್ಷೆಗಳಲ್ಲಿ ಮೋಲ್ ಚೆನ್ನಾಗಿಯೇ ಇಳಿದಿತ್ತು.

2019ರ ಫೆಬ್ರುವರಿ 28ರಂದು ಬಡಿಯಲು ಶುರುಮಾಡಿದ ಮೊಳೆ ತನ್ನ ಉದ್ದದಷ್ಟೂ ಇಳಿಯದೆ ವಾಲಿ ನಿಂತಿತು. ಅಲ್ಲಿನ ಮಣ್ಣು ಪರೀಕ್ಷೆಯ ಮರಳಿನ ಹಾಗೆ ಇರಲಿಲ್ಲ. ಮೇಲ್ಪದರ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಮೊಳೆ ಬಡಿದಾಗ ಸುತ್ತ ಗುಂಡಿ ಬಿತ್ತು, ಗುಂಡಿ ಕುಸಿದು ಮೊಳೆಯನ್ನು ಅಪ್ಪಿಕೊಳ್ಳಲಿಲ್ಲ. ಮೈಗೆ ಮಣ್ಣು ತಾಗದಿದ್ದರೆ ಉಜ್ಜುವಿಕೆ ಇಲ್ಲ. ಉಜ್ಜುವಿಕೆ ಇಲ್ಲದೆ ಮೊಳೆ ನಿಂತಲ್ಲೇ ಕುಣಿಯಿತು. ಎಂಜಿನಿಯರುಗಳು ಬಿಡಲಿಲ್ಲ. ನೌಕೆಯ ತೋಳಿನ ತುದಿಯ ಸಲಿಕೆಯಿಂದ ಮೊಳೆಯನ್ನು ಪಕ್ಕಕ್ಕೆ ಅದುಮಿ ಹಿಡಿದರು, ಆಗ ಒಂದಿಷ್ಟು ಇಳಿಯಿತು. ಅಕ್ಟೋಬರಿನಲ್ಲಿ ಮತ್ತೆ ಅರ್ಧ ಹೊರಗೆ ಬಂತು. ಆಮೇಲೆ ತಲೆಯ ಮೇಲೆ ಅದುಮಿದರು. ಹೀಗೆ ಸುಮಾರು ಎರಡು ವರ್ಷ ಹೆಣಗಿ, 2021ರ ಜನವರಿ 9ರಂದು ಕೊನೆಯದಾಗಿ 500 ಏಟು ಹೊಡೆದು ಕೈಬಿಟ್ಟರು. ಅಷ್ಟರಲ್ಲಿ ಮೊಳೆಯ ತಲೆ ನೆಲದಿಂದ ಎರಡು ಮೂರು ಸೆಂ.ಮೀ. ಕೆಳಗೆ ಹೋಗಿತ್ತು.

ಮೊನೆಯ ಕೆಳಗೆ ತಡೆ ಕಡಿಮೆ ಇರಬೇಕು, ಮೈಯ ಸುತ್ತ ಹೆಚ್ಚಿರಬೇಕು. ಮರಳಿನಲ್ಲಿ ಇಳಿಯುವ ಯಂತ್ರದ ಕಷ್ಟವೆಲ್ಲ ಇಷ್ಟರಲ್ಲಿದೆ. ಹೊಟ್ಟೆಯೊಳಗೆ ಸುತ್ತಿಗೆ ಇಟ್ಟುಕೊಂಡ ಯೋಜನೆ ಜಾಣತನದ್ದೇ, ಆದರೆ ಅದು ಮಂಗಳದ ಮಣ್ಣು ನಡೆದುಕೊಳ್ಳಬೇಕಾದ ರೀತಿಯನ್ನು ಮೊದಲೇ ನಿಗದಿ ಮಾಡಿಬಿಟ್ಟಿತ್ತು ಎಂಬುದು ನನ್ನ ಅನಿಸಿಕೆ.

2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ನಮ್ಮ ವಿಕ್ರಮ್ ಇಂಥದೇ ಕೆಲಸಕ್ಕೆ ಬೇರೆ ದಾರಿ ಹಿಡಿಯಿತು. ಅದರ ‘ಚಾಸ್ಟೆ’ ಉಪಕರಣದಲ್ಲಿ ಹತ್ತು ಉಷ್ಣತಾಮಾಪಕಗಳಿದ್ದ ಕಡ್ಡಿಯೊಂದಿತ್ತು. ಅದನ್ನು ಮೋಟಾರಿನಿಂದ ನೆಲಕ್ಕೆ ಒತ್ತುವಾಗ ಹಿಂದಿನ ಒದೆತವನ್ನು ತಡೆಯಲು ಇಡೀ ನೌಕೆಯ ಭಾರವಿತ್ತು. ಗುರಿಯೂ ಅತಿಯಾಸೆಯದ್ದಲ್ಲ, 10 ಸೆಂ.ಮೀ. ಮಾತ್ರ. ಮೇಲೆ ಐವತ್ತು ಡಿಗ್ರಿ ದಾಟಿದ್ದ ಉಷ್ಣತೆ 8 ಸೆಂ.ಮೀ. ಕೆಳಗೆ ಸೊನ್ನೆಗಿಂತ ಸುಮಾರು ಹತ್ತು ಡಿಗ್ರಿ ಕೆಳಗಿದೆ ಎಂಬ ನಕ್ಷೆ ನಾಲ್ಕೇ ದಿನದಲ್ಲಿ ಹೊರಬಿತ್ತು.

ಚಂದ್ರಯಾನಗಳ ತಯಾರಿಗೆ ಇಸ್ರೊ ತಮಿಳುನಾಡಿನ ನಾಮಕ್ಕಲ್ ಬಳಿಯ ಸಿತ್ತಂಪೂಂಡಿ ಕಲ್ಲನ್ನು ಪುಡಿಮಾಡಿ ತಂದು ಬೆಂಗಳೂರಿನಲ್ಲಿ ಚಂದ್ರನ ನೆಲವನ್ನು ಹಾಸಿತ್ತು. ಚಂದ್ರನ ಗುರುತ್ವಕ್ಕೆ ಹೊಂದಿಸಲು ರೋವರಿಗೆ ಹೀಲಿಯಂ ಬಲೂನು ಕಟ್ಟಿ ಹಗುರ ಮಾಡುವ ಉಪಾಯವೂ ಇತ್ತು. ರೋವರನ್ನು ಬಲೂನಿನಿಂದ ಎತ್ತಬಹುದು, ಅದರ ಕೆಳಗಿನ ಪುಡಿಯ ಒಂದೊಂದು ಕಣಕ್ಕೂ ಬಲೂನು ಕಟ್ಟುವುದು ಸಾಧ್ಯವಿಲ್ಲ. ಆ ಪುಡಿ ಭೂಮಿಯ ತೂಕದಲ್ಲೇ ಕೂತು, ಭೂಮಿಯ ತೂಕದ್ದೇ ಎರವಲು ಬಲವನ್ನು ತೋರಿಸುತ್ತಿರುತ್ತದೆ. ಪರೀಕ್ಷೆಯ ಅಂಕಿಗಳನ್ನು ಚಂದ್ರನಿಗೆ ಒಯ್ಯುವ ಮೊದಲು ಈ ವ್ಯತ್ಯಾಸವನ್ನು ಲೆಕ್ಕದಲ್ಲಿ ತಿದ್ದಲೇಬೇಕು.

ಪಾಯ ತೋಡುವ ಮುನ್ನ

ಇಂಥದೇ ತಿದ್ದುಪಡಿ ನಿಮ್ಮ ಮನೆಯ ನಿವೇಶನದಲ್ಲೂ ನಡೆಯುತ್ತದೆ. ಮಣ್ಣು ಪರೀಕ್ಷೆಯವರು ಮೂರು ಕಾಲಿನ ಕಬ್ಬಿಣದ ತ್ರಿಪಾದಿ ನಿಲ್ಲಿಸಿ, ರಾಟೆಯ ಮೇಲೆ ಹಗ್ಗದಿಂದ ಭಾರದ ಗುಂಡೊಂದನ್ನು ಎತ್ತಿ ಎತ್ತಿ ಬಿಡುವುದನ್ನು ನೋಡಿರಬಹುದು. ಗುಂಡು 63.5 ಕಿಲೋ, ಬೀಳುವ ಎತ್ತರ 75 ಸೆಂ.ಮೀ. ಕೆಳಗಿನ ಕೊಳವೆಯನ್ನು ಮೊದಲ 15 ಸೆಂ.ಮೀ. ಹೊಡೆದದ್ದು ಲೆಕ್ಕಕ್ಕಿಲ್ಲ. ಆಮೇಲಿನ 30 ಸೆಂ.ಮೀ. ಇಳಿಯಲು ಎಷ್ಟು ಏಟು ಬೇಕಾಯಿತೋ ಅದೇ ‘ಎನ್’ ಸಂಖ್ಯೆ. ಮರಳಿನಲ್ಲಿ ಎನ್ ಹತ್ತಕ್ಕಿಂತ ಕಡಿಮೆ ಬಂದರೆ ಸಡಿಲ, ಮೂವತ್ತು ದಾಟಿದರೆ ಅಡಕ. ಬೆಂಗಳೂರಿನ ಕೆಂಪು ಜೇಡಿಯಲ್ಲಿ ಅಂಟಿನ ಪಾತ್ರವೇ ದೊಡ್ಡದಾದ್ದರಿಂದ ಈ ಕಥೆ ಅಲ್ಲಿಗೆ ಪೂರ್ತಿ ಹೊಂದುವುದಿಲ್ಲ. ಕಾರವಾರದಿಂದ ಮಂಗಳೂರಿನವರೆಗೆ ಕರಾವಳಿಯ ಮರಳು ನೆಲದಲ್ಲಿ ಮನೆ ಕಟ್ಟುವವರಿಗೆ ಚೆನ್ನಾಗಿ ಹೊಂದುತ್ತದೆ.

ಒಂದೇ ಬಗೆಯ ಮರಳು ಆಳದಲ್ಲಿ ಹೆಚ್ಚು ಏಟು ಕೇಳುತ್ತದೆ, ಮೇಲೆ ಕಡಿಮೆ. ಅದು ಮರಳಿನ ಗುಣವಲ್ಲ, ಮೇಲಿನ ಭಾರದ ಕೊಡುಗೆ. ಆದ್ದರಿಂದ ಎಣಿಸಿದ ಏಟನ್ನು ಸುಮಾರು 6 ಮೀಟರ್ ಒಣ ಮರಳಿನ ಭಾರವನ್ನು ಅಳತೆಗೋಲಾಗಿಟ್ಟು ತಿದ್ದುತ್ತಾರೆ. ಅದಕ್ಕಿಂತ ಮೇಲಿನ ಸಂಖ್ಯೆಯನ್ನು ಹಿಗ್ಗಿಸುತ್ತಾರೆ, ಕೆಳಗಿನದನ್ನು ಕುಗ್ಗಿಸುತ್ತಾರೆ. ನೀರಿನ ಮಟ್ಟದ ಕೆಳಗಿನ ನುಣ್ಣನೆಯ ಮರಳಿಗೆ ಇನ್ನೊಂದು ತಿದ್ದುಪಡಿಯಿದೆ. ರೆನಾಲ್ಡ್ಸ್ ಹೇಳಿದ ಉಬ್ಬಿಕೆ ಏಟಿನ ಕ್ಷಣದಲ್ಲಿ ನೀರನ್ನು ಹೀರಿ ಮರಳನ್ನು ಇಲ್ಲದ ಬಿಗಿಯಲ್ಲಿ ತೋರಿಸುವುದರಿಂದ, ಹದಿನೈದರ ಮೇಲಿನ ಏಟುಗಳನ್ನು ಅರ್ಧಕ್ಕಿಳಿಸುತ್ತಾರೆ. 25 ಬಂದಿದ್ದರೆ 20 ಎಂದು ಹಿಡಿಯಬೇಕು.

ಮಣ್ಣಿನ ವರದಿ ಕೈಗೆ ಬಂದಾಗ ಕೊನೆಯ ಪುಟದ ಶಿಫಾರಸಿಗೆ ಹಾರಬೇಡಿ. ಎನ್ ಸಂಖ್ಯೆಯ ಕಾಲಂ ಹುಡುಕಿ, ಅದು ಬರೀ ಎಣಿಸಿದ್ದೋ ತಿದ್ದಿದ್ದೋ ಎಂದು ಎಂಜಿನಿಯರನ್ನು ಕೇಳಿ. ಅಂತರ್ಜಲದ ಮಟ್ಟವನ್ನು ಯಾವ ತಿಂಗಳಲ್ಲಿ ಅಳೆದರು ಎಂಬುದನ್ನೂ ಕೇಳಿ. ಬೇಸಿಗೆಯಲ್ಲಿ ಅಳೆದಿದ್ದರೆ, ಮಳೆಗಾಲದಲ್ಲಿ ನೀರು ನೆಲದ ಮಟ್ಟದವರೆಗೆ ಏರಿದಾಗ ಕಣಗಳ ನಡುವಿನ ಒತ್ತು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಆ ಅರ್ಧವನ್ನು ವಿನ್ಯಾಸದಲ್ಲಿ ಹಿಡಿದಿದ್ದಾರೋ ಇಲ್ಲವೋ ಎಂಬುದು ವರದಿಯಲ್ಲಿ ಬರೆದಿರಬೇಕು.